14416 ಟೆಲಿ-ಮನಸ್: ಮಗನ ಹೊಟ್ಟೆನೋವಿನ ರಾತ್ರಿ ನಮ್ಮ ಕೈ ಹಿಡಿದ ಸಹಾಯವಾಣಿ

ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಇರುವ, ವಯಸ್ಸಿಗೆ ಬಂದ ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳುತ್ತಿರುವ ತಂದೆ ತಾಯಿಯರಿಗೆಂದು ಇದನ್ನು ಬರೆಯುತ್ತಿದ್ದೇನೆ. 14416 ಅನ್ನುವ ನಂಬರನ್ನು ಇವತ್ತೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಮನಸ್ಸಿಗೆ ಬೇಜಾರಾದವರು, ಪರೀಕ್ಷೆಗೆ ಹೆದರಿದ ಹುಡುಗರು ಮಾತಾಡುವ ನಂಬರು ಅಂತ ಬಹಳ ಜನ ತಿಳಿದುಕೊಂಡಿದ್ದಾರೆ. ನಾನು ಅದಕ್ಕೆ ಫೋನ್ ಮಾಡಿದ್ದು ಮಗನ ಹೊಟ್ಟೆ ಊದಿಕೊಂಡು ಕಲ್ಲಿನ ಹಾಗೆ ಬಿಗಿದಿದ್ದಾಗ.

ಮೊದಲು ಸೇವೆಯ ವಿಷಯ. ಟೆಲಿ-ಮನಸ್ ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರುವಾಯಿತು. ದೇಶಕ್ಕೆಲ್ಲ ಇದರ ಉಸ್ತುವಾರಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ದು, ತಾಂತ್ರಿಕ ವ್ಯವಸ್ಥೆಗೆ ಬೆಂಗಳೂರಿನ ಐಐಐಟಿ ಕೈಜೋಡಿಸಿದೆ. ಹಗಲು ರಾತ್ರಿ ಇರುತ್ತದೆ, ಕಾಸು ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. 14416 ಸಿಗದಿದ್ದರೆ 1800-891-4416. ಮೊದಲು ಆಪ್ತಸಮಾಲೋಚಕರು ಮಾತಾಡುತ್ತಾರೆ, ಅಗತ್ಯ ಬಿದ್ದರೆ ಮನೋವೈದ್ಯರಿಗೆ ದಾಟಿಸುತ್ತಾರೆ.

ನಾನು ಅಂಚೆ ಇಲಾಖೆಯಲ್ಲಿದ್ದು ನಿವೃತ್ತನಾದವನು, ಊರು ತಿಪಟೂರು. ಮಗನಿಗೆ ಎಂಜಿನಿಯರಿಂಗ್ ಓದುವಾಗ ಕಾಯಿಲೆ ಕಾಣಿಸಿತು. ಎರಡು ಥರದ ಮಾತ್ರೆ ಸರಿಯಾಗಿ ಕೊಟ್ಟು ನೋಡಿದರೂ ಕಿವಿಯಲ್ಲಿ ಕೇಳುವ ಧ್ವನಿ ನಿಲ್ಲದೇ ಹೋದಾಗ ಡಾಕ್ಟರು ಕ್ಲೋಜಪಿನ್ ಶುರು ಮಾಡಿದರು. ಬೇರೆ ಔಷಧಿಗೆ ಬಗ್ಗದ ಸ್ಕಿಜೋಫ್ರೇನಿಯಾಕ್ಕೆ ಕೊಡುವ ಮಾತ್ರೆ ಅದು. ಬಿಳಿ ರಕ್ತಕಣ ಇಳಿಯಬಹುದು ಅಂತ ಶುರುವಿನಲ್ಲಿ ವಾರವಾರ ರಕ್ತ ಪರೀಕ್ಷೆ ಮಾಡಿಸಬೇಕು. ಆ ಮಾತ್ರೆಯಿಂದ ನನ್ನ ಮಗ ನಮಗೆ ವಾಪಸ್ ಸಿಕ್ಕ. ಈಗ ಸಂಬಂಧಿಕರೊಬ್ಬರ ಕೊಬ್ಬರಿ ಮಂಡಿಗೆ ಹೋಗಿ ಕೊಬ್ಬರಿ ವಿಂಗಡಿಸುತ್ತಾನೆ, ವಾರದ ಬಟವಾಡೆ ತಂದು ಅಮ್ಮನ ಕೈಗೆ ಕೊಡುತ್ತಾನೆ.

ಆ ವಾರ ಅವನು ಊಟ ಕಡಿಮೆ ಮಾಡಿದ್ದ. ರಾತ್ರಿ ಎರಡು ಸಲ ವಾಂತಿಯಾಯಿತು. "ಅಪ್ಪಾ, ಯಾರೋ ಹೊಟ್ಟೆ ಒಳಗೆ ಕಲ್ಲು ತುಂಬಿದಾರೆ" ಅಂತ ಮುಲುಗುತ್ತಾ ಕೂತ. ಆಟೋದಲ್ಲಿ ಒಂದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋದೆವು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಅಲ್ಲಿದ್ದ ಡ್ಯೂಟಿ ಡಾಕ್ಟರು ಫೈಲ್ ತೆಗೆದು ಕಾಯಿಲೆಯ ಹೆಸರು ಓದಿದರು, ಕಲ್ಲಿನ ಮಾತು ಕೇಳಿಸಿಕೊಂಡರು. "ಇದು ಅವರ ಕಾಯಿಲೇದೇ ಮಾತು. ನಿದ್ದೆ ಇಂಜೆಕ್ಷನ್ ಕೊಡ್ತೀವಿ, ಬೆಳಿಗ್ಗೆ ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗಿ" ಅಂದರು. "ಸಾರ್, ಒಂದ್ಸಲ ಹೊಟ್ಟೆ ಮುಟ್ಟಿ ನೋಡಿ" ಅಂತ ಕೇಳಿಕೊಂಡೆ. ಮುಟ್ಟಲಿಲ್ಲ. ನಮ್ಮ ಮನೆಯವರು ಮಗನ ಬೆನ್ನು ನೀವುತ್ತಾ ಕೂತಿದ್ದರು. ನಾನು ಹೊರಗಿನ ಮೆಟ್ಟಿಲ ಹತ್ತಿರ ಹೋಗಿ 14416ಕ್ಕೆ ಫೋನ್ ಮಾಡಿದೆ.

ಫೋನ್ ಎತ್ತಿದ ಹೆಣ್ಣುಮಗಳು ಮೊದಲು ಕೇಳಿದ್ದು, "ಸರ್, ಈಗ ನೀವು ಎಲ್ಲಿದ್ದೀರಿ? ನಿಮ್ಮ ಮಗ ಯಾರ ಜೊತೆ ಇದ್ದಾರೆ?" ಅಂತ. 'ಇದ್ದಾರೆ' ಅಂದರು. ನನ್ನ ಮಗನನ್ನು ಎಷ್ಟೋ ಕಡೆ ಎದುರಿಗೇ 'ಇದು', 'ಕೇಸು' ಅಂದದ್ದನ್ನು ಕೇಳಿದ್ದೇನೆ. ಆ ಒಂದು ಮಾತಿಗೇ ನನಗೆ ಧೈರ್ಯ ಬಂತು. ಪ್ರಜ್ಞೆ ಇದೆಯಾ, ಉಸಿರಾಟ ಸರಿ ಇದೆಯಾ, ತನಗೋ ಬೇರೆಯವರಿಗೋ ಅಪಾಯ ಮಾಡಿಕೊಳ್ಳುವ ಹಾಗಿದ್ದಾರಾ ಅಂತ ವಿಚಾರಿಸಿ, ಮಾತ್ರೆಗಳ ಹೆಸರು ಬರೆದುಕೊಂಡು ಮನೋವೈದ್ಯರಿಗೆ ಕೊಟ್ಟರು.

ಆ ಡಾಕ್ಟರು ಕೇಳಿದ ಪ್ರಶ್ನೆಗಳೆಲ್ಲ ಮೈಗೆ ಸಂಬಂಧಪಟ್ಟವು. ಮೋಶನ್ ಆಗಿ ಎಷ್ಟು ದಿನವಾಯಿತು? ಗಾಳಿ ಹೋಗುತ್ತಿದೆಯಾ? ವಾಂತಿ ಯಾವ ಬಣ್ಣ? ಜ್ವರ ಇದೆಯಾ? ಕೈಕಾಲು ಬಿಗಿದಿದೆಯಾ? ಕೈ ನಡುಕಕ್ಕೆ ಬೇರೆ ಮಾತ್ರೆ ಕೊಡುತ್ತಿದ್ದೀರಾ? ವಾಂತಿ ಹಸಿರಾಗಿತ್ತು. ಮೋಶನ್ ಆಗಿ ದಿನಗಳಾಗಿದ್ದವು. ನಡುಕದ ಮಾತ್ರೆಯೂ ಇತ್ತು. ಆಗ ಅವರು, "ಕ್ಲೋಜಪಿನ್ ಕರುಳಿನ ಚಲನೆ ನಿಧಾನ ಮಾಡುತ್ತೆ, ನಡುಕದ ಮಾತ್ರೆ ಅದಕ್ಕೆ ಸೇರ್ಕೊಳ್ಳುತ್ತೆ. ಕೆಲವರಿಗೆ ಕರುಳು ಪೂರ್ತಿ ನಿಂತೇ ಹೋಗುತ್ತೆ, ಜೀವಕ್ಕೇ ಅಪಾಯ. ಕಲ್ಲು ಅಂತ ಅವರು ಹೇಳ್ತಿರೋದು ನಿಜವಾದ ನೋವನ್ನೇ. ಬಾಯಿಂದ ಏನೂ ಕೊಡಬೇಡಿ. ಈಗಲೇ ಎಕ್ಸ್-ರೇ ಆಗಬೇಕು, ಸರ್ಜನ್ ನೋಡಬೇಕು" ಅಂದರು. ಡ್ಯೂಟಿ ಡಾಕ್ಟರಿಗೆ ಹೇಳಬೇಕಾದ್ದನ್ನು ನನ್ನ ಕೈಯಲ್ಲೇ ಬರೆಸಿದರು: ಕ್ಲೋಜಪಿನ್ ತೆಗೆದುಕೊಳ್ಳುತ್ತಿದ್ದಾರೆ, ಹಸಿರು ವಾಂತಿ, ಹೊಟ್ಟೆ ಉಬ್ಬರ, ಮೋಶನ್ ಗಾಳಿ ಎರಡೂ ಇಲ್ಲ, ಇಂಟೆಸ್ಟೈನಲ್ ಅಬ್ಸ್‌ಟ್ರಕ್ಷನ್ (ಕರುಳು ಕಟ್ಟಿಕೊಂಡಿರುವುದು) ಸಂಶಯ.

ಆ ಚೀಟಿ ಹಿಡಿದು ಒಳಗೆ ಹೋದೆ. ಅದನ್ನು ಓದಿದ ಮೇಲೆ ಅದೇ ಡಾಕ್ಟರು ಹೊಟ್ಟೆಯ ಮೇಲೆ ಕೈ ಇಟ್ಟರು. ಎಕ್ಸ್-ರೇಯಲ್ಲಿ ಕರುಳು ಊದಿಕೊಂಡಿದ್ದು ಕಾಣಿಸಿತು. 108ರಲ್ಲಿ ತುಮಕೂರಿಗೆ ಹೊರಟೆವು. ಅಲ್ಲಿ ಮೂಗಿನಿಂದ ಟ್ಯೂಬ್ ಹಾಕಿ, ಡ್ರಿಪ್ ಕೊಟ್ಟು, ಎನಿಮಾ ಕೊಟ್ಟು ಕರುಳು ಸಡಿಲ ಮಾಡಿದರು. ಆಪರೇಷನ್ ತಪ್ಪಿತು. ಇನ್ನಷ್ಟು ಹೊತ್ತು ಬಿಟ್ಟಿದ್ದರೆ ಕರುಳು ಕೊಳೆಯುತ್ತಿತ್ತು ಅಂತ ಸರ್ಜನ್ ಹೇಳಿದರು. ನಿದ್ದೆ ಇಂಜೆಕ್ಷನ್ ಹಾಕಿಸಿಕೊಂಡು ಮನೆಗೆ ಹೋಗಿದ್ದರೆ ಏನಾಗುತ್ತಿತ್ತೋ, ಅದನ್ನು ನೆನೆಯಲೂ ನನ್ನಿಂದಾಗುವುದಿಲ್ಲ.

ವಾರ್ಡಿನಿಂದ ಮತ್ತೆ ಫೋನ್ ಮಾಡಿದೆ. ಈ ಎರಡನೇ ಮಾತುಕತೆಯೂ ಮೊದಲನೆಯದರಷ್ಟೇ ಬೆಲೆಯುಳ್ಳದ್ದು ಅಂತ ನನ್ನ ಅಭಿಪ್ರಾಯ. ಆಪರೇಷನ್ ಬೇಕಾದರೆ ಅಂತ ಒಪ್ಪಿಗೆ ಪತ್ರವನ್ನು ನನ್ನ ಮುಂದೆ ಹಿಡಿದಿದ್ದರು. "ನಿಮ್ಮ ಮಗನಿಗೆ ವಿವರಿಸಿದ್ದಾರಾ? ಅವರಿಗೆ ಅರ್ಥವಾಗುತ್ತೆ ಅಂದರೆ ಅವರೇ ಸಹಿ ಮಾಡಬೇಕು" ಅಂದರು ಫೋನಿನ ಡಾಕ್ಟರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಅದನ್ನೇ ಹೇಳುತ್ತದೆ: ಕಾಯಿಲೆ ಇದೆ ಅಂದ ಮಾತ್ರಕ್ಕೆ ತನ್ನ ಚಿಕಿತ್ಸೆಯ ಬಗ್ಗೆ ತೀರ್ಮಾನಿಸುವ ಶಕ್ತಿ ಇಲ್ಲ ಅಂತ ಎಣಿಸುವ ಹಾಗಿಲ್ಲ. ಸರ್ಜನ್ ಮಂಚದ ಪಕ್ಕ ಕೂತು ಕಾಗದದ ಮೇಲೆ ಕರುಳಿನ ಚಿತ್ರ ಬರೆದು ತೋರಿಸಿದರು. ಮಗ ಕೇಳಿದ್ದು ಒಂದೇ ಪ್ರಶ್ನೆ: "ಈ ಟ್ಯೂಬ್ ಯಾವಾಗ ತೆಗೀತೀರಿ?" ಉತ್ತರ ಸಿಕ್ಕ ಮೇಲೆ ತಾನೇ ಸಹಿ ಹಾಕಿದ. ಅಲ್ಲಿವರೆಗೆ ಟ್ಯೂಬ್ ಕಿತ್ತುಹಾಕಲು ಕೈ ಎತ್ತುತ್ತಿದ್ದವನು ಆಮೇಲೆ ಸುಮ್ಮನಿದ್ದ.

ಅದೇ ಕಾಯ್ದೆಯ 94ನೇ ಸೆಕ್ಷನ್ ಎಲ್ಲ ಮನೆಯವರಿಗೂ ಗೊತ್ತಿರಬೇಕು. ಜೀವಕ್ಕೆ ಅಪಾಯ ಇದ್ದಾಗ ಮಾನಸಿಕ ಕಾಯಿಲೆ ಇರುವವರಿಗೆ ಯಾವ ನೋಂದಾಯಿತ ವೈದ್ಯರು ಬೇಕಾದರೂ ತುರ್ತು ಚಿಕಿತ್ಸೆ ಕೊಡಬಹುದು. ಕಾಯಿಲೆ ಇರುವವರು ತಮ್ಮ ಪರವಾಗಿ ಹೆಸರಿಸಿದ ಪ್ರತಿನಿಧಿ ಜೊತೆಯಲ್ಲಿದ್ದರೆ ಆ ಪ್ರತಿನಿಧಿಯ ಒಪ್ಪಿಗೆ ಬೇಕು, ಈ ಚಿಕಿತ್ಸೆಗೆ ಮಿತಿ 72 ಗಂಟೆ. 21ನೇ ಸೆಕ್ಷನ್ ಪ್ರಕಾರ ಆಂಬುಲೆನ್ಸ್ ಕೂಡ ಮೈ ಕಾಯಿಲೆಯವರಿಗೆ ಸಿಕ್ಕ ಹಾಗೆಯೇ ಇವರಿಗೂ ಸಿಗಬೇಕು. 'ಮೆಂಟಲ್ ಪೇಶೆಂಟ್, ನಮ್ಮಲ್ಲಿ ಆಗಲ್ಲ' ಅಂದರೆ ಈ ಸೆಕ್ಷನ್ ನಂಬರ್‌ಗಳನ್ನು ಹೇಳಿ ಕೇಳಿ.

ಇನ್ನೊಂದು ವಿಷಯವನ್ನೂ ಫೋನಿನ ಡಾಕ್ಟರೇ ಎಚ್ಚರಿಸಿದರು. ಕ್ಲೋಜಪಿನ್ ಎರಡು ದಿನಕ್ಕಿಂತ ಹೆಚ್ಚು ನಿಂತರೆ ಮತ್ತೆ ಹಳೆಯ ಡೋಸ್ ಒಮ್ಮೆಗೇ ಕೊಡುವ ಹಾಗಿಲ್ಲ. ಬಿಪಿ ಕುಸಿಯಬಹುದು, ಫಿಟ್ಸ್ ಬರಬಹುದು. 12.5 ಮಿಲಿಗ್ರಾಂನಿಂದ ಹೊಸದಾಗಿ ಏರಿಸುತ್ತಾ ಬರಬೇಕು. ಮಗನಿಗೆ ಬೀಡಿ ಅಭ್ಯಾಸ. ಆಸ್ಪತ್ರೆಯಲ್ಲಿ ಬೀಡಿ ನಿಂತರೆ ರಕ್ತದಲ್ಲಿ ಕ್ಲೋಜಪಿನ್ ಪ್ರಮಾಣ ಏರುತ್ತದಂತೆ, ಡೋಸ್ ಲೆಕ್ಕ ಹಾಕುವಾಗ ಅದನ್ನೂ ಹೇಳಬೇಕಂತೆ. ಹೊಟ್ಟೆಯ ಡಾಕ್ಟರಿಗೆ ನಾನು ಹೇಳದೆ ಇದು ಗೊತ್ತಾಗುವುದಾದರೂ ಹೇಗೆ? ಎಲ್ಲ ಬರೆದು ಕೇಸ್ ಶೀಟಿಗೆ ಪಿನ್ ಮಾಡಿಸಿದೆ. ಆಮೇಲೆ ಅವನನ್ನು ಮೊದಲಿಂದ ನೋಡುತ್ತಿರುವ ಮನೋವೈದ್ಯರೇ ಮಾತ್ರೆ ಮತ್ತೆ ಶುರು ಮಾಡಿದರು, ದಿನಾ ರಾತ್ರಿ ಮೋಶನ್ ಸಲೀಸಾಗುವ ಔಷಧಿಯನ್ನೂ ಸೇರಿಸಿದರು.

ಇದರಿಂದ ಆಗದ ಕೆಲಸವೂ ಇದೆ. ಟೆಲಿ-ಮನಸ್ ಆಂಬುಲೆನ್ಸ್ ಅಲ್ಲ. ಪ್ರಜ್ಞೆ ತಪ್ಪಿದ್ದರೆ, ಉಸಿರಾಟ ಕಷ್ಟವಾದರೆ, ವಿಷ ಕುಡಿದಿದ್ದರೆ ಮೊದಲು 108. ಫೋನಿನ ಆಚೆಯವರು ಹೊಟ್ಟೆ ಮುಟ್ಟಿ ನೋಡಲಾರರು, ಆಸ್ಪತ್ರೆಗೆ ಹೋಗಲೇಬೇಕು. ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಜ್ವರ ಬಂದು ಗಂಟಲು ನೋವಾದರೆ ಅವತ್ತೇ ರಕ್ತ ಪರೀಕ್ಷೆ ಆಗಬೇಕು. ಜೋರು ಜ್ವರದ ಜೊತೆ ಮೈ ಸೆಟೆದುಕೊಂಡು, ಬೆವೆತು, ಮಾತು ತೊದಲಿದರೆ ಒಂದು ಗಳಿಗೆಯೂ ಕಾಯಬಾರದು. ಆದರೆ ಆಸ್ಪತ್ರೆಗೆ ಹೋದ ಮೇಲೂ ನಿಮ್ಮ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳದಿದ್ದರೆ, ಈ ಮಾತ್ರೆಗಳನ್ನು ಬಲ್ಲ ಒಬ್ಬ ಡಾಕ್ಟರು ನಡುರಾತ್ರಿಯಲ್ಲಿ ನಮ್ಮ ಪರವಾಗಿ ಇರುವುದು ನಮ್ಮಂಥವರಿಗೆ ಬಹಳ ದೊಡ್ಡದು. ಐದಕ್ಕೆ ಐದು ಕೊಡುತ್ತೇನೆ.

ಫೋನ್ ಮಾಡುವಾಗ ಮಾತ್ರೆ ಚೀಟಿ ಕೈಯಲ್ಲಿರಲಿ. ಹೆಸರು, ಡೋಸ್, ಕೊನೆಯ ಸಲ ಯಾವಾಗ ಕೊಟ್ಟಿರಿ, ಊಟ, ನಿದ್ದೆ, ಮೂತ್ರ, ಮೋಶನ್ ಇವನ್ನು ಮೊದಲು ಹೇಳಿ. ಮಗನೋ ಮಗಳೋ ಬಾಯಲ್ಲಿ ಆಡಿದ ಮಾತನ್ನು, ಅದು ಎಷ್ಟೇ ವಿಚಿತ್ರವಾಗಿದ್ದರೂ, ಒಂದಕ್ಷರ ಬದಲಾಯಿಸದೆ ಹಾಗೇ ಹೇಳಿ.