ಆಟೊಮ್ಯಾಟಿಕ್ ಕಾರಿಗೆ ಮ್ಯಾನ್ಯುವಲ್ ಗೇರ್‌ಬಾಕ್ಸ್ ಹಾಕಿಸುವ ಮುನ್ನ ಇದನ್ನು ಓದಿ

ಕೆಟ್ಟುಹೋದ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ರಿಪೇರಿ ಮಾಡಿಸುವುದಕ್ಕಿಂತ ಅರ್ಧ ದುಡ್ಡಿಗೆ ಮ್ಯಾನ್ಯುವಲ್ ಕೂರಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ತಕ್ಷಣ ಒಪ್ಪಬೇಡಿ. ನನ್ನ ಹಳೆಯ ಪೆಟ್ರೋಲ್ ಕಾರಿಗೆ ಬೆಂಗಳೂರಿನ ಒಂದು ಗ್ಯಾರೇಜಿನವರು ಇದನ್ನೇ ಮಾಡಿದರು. ಗುಜರಿಗೆ ಬಂದ ಅದೇ ಮಾದರಿಯ ಕಾರಿನಿಂದ ಗೇರ್‌ಬಾಕ್ಸ್, ಕ್ಲಚ್ ಪೆಡಲ್, ಆ್ಯಕ್ಸಲ್ ಎಲ್ಲವನ್ನೂ ತಂದು ಜೋಡಿಸಿದರು. ಆಮೇಲೆ ಶುರುವಾಯಿತು ಪಡಿಪಾಟಲು.

ಮೊದಲಿಗೆ ಗಾಡಿ ಸ್ಟಾರ್ಟ್ ಆಗಲೇ ಇಲ್ಲ. ಆಟೊಮ್ಯಾಟಿಕ್ ಕಾರಿನಲ್ಲಿ ಲಿವರ್ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿದ್ದರೆ ಮಾತ್ರ ಸ್ಟಾರ್ಟರಿಗೆ ಕರೆಂಟ್ ಬಿಡುವ ಒಂದು ಸ್ವಿಚ್ ಇರುತ್ತದೆ. ನನ್ನ ಕಾರಿನಲ್ಲಿ ಅದು ಗೇರ್‌ಬಾಕ್ಸಿನ ಮೇಲೆಯೇ ಇತ್ತು. ಹಳೆಯ ಬಾಕ್ಸಿನ ಜೊತೆ ಅದೂ ಹೋಯಿತು. ಅಲ್ಲಿ ಕ್ಲಚ್ ಪೆಡಲಿಗೆ ಒಂದು ಸ್ವಿಚ್ ಹಾಕಿ ಅದೇ ಸರ್ಕ್ಯೂಟಿಗೆ ಸೇರಿಸಬೇಕಿತ್ತು. ಮೆಕ್ಯಾನಿಕ್ "ಇಷ್ಟೇ ಸರ್" ಎಂದು ಎರಡು ವೈರುಗಳನ್ನು ಹೆಣೆದು ಟೇಪ್ ಸುತ್ತಿಬಿಟ್ಟ. ಒಂದು ಬೆಳಿಗ್ಗೆ ನನ್ನ ತಮ್ಮ ಕಾರು ಸರಿಸಲೆಂದು ಕೀಲಿ ತಿರುಗಿಸಿದ. ಗಾಡಿ ಮೊದಲನೇ ಗೇರಿನಲ್ಲಿತ್ತು. ಜಗ್ಗನೆ ಮುಂದೆ ನುಗ್ಗಿ ಗೇಟಿಗೆ ಗುದ್ದಿತು. ಸೊಪ್ಪಿನವರ ತಳ್ಳುಗಾಡಿ ಗೇಟಿನ ಮುಂದಿನಿಂದ ಆಗತಾನೇ ದಾಟಿತ್ತು. ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ರಿವರ್ಸ್ ದೀಪಕ್ಕೂ ಸಿಗ್ನಲ್ ಬರುತ್ತಿದ್ದುದು ಅದೇ ಸ್ವಿಚ್ಚಿನಿಂದ. ಮ್ಯಾನ್ಯುವಲ್ ಬಾಕ್ಸಿಗೆ ತನ್ನದೇ ರಿವರ್ಸ್ ಸ್ವಿಚ್ ಇದೆ, ಆದರೆ ಅದಕ್ಕೆ ವೈರನ್ನೇ ಎಳೆದಿರಲಿಲ್ಲ. ಲಿವರ್ ಪಾರ್ಕ್‌ಗೆ ಬಂದರೆ ಮಾತ್ರ ಕೀಲಿ ಹೊರಬಿಡುವ ಲಾಕ್ ಹಾಗೇ ಉಳಿದು, ಕೀಲಿ ಸಿಕ್ಕಿಕೊಳ್ಳುತ್ತಿತ್ತು. ಸ್ಪೀಡೋಮೀಟರ್ ಮುಳ್ಳು ಸೊನ್ನೆ ಬಿಟ್ಟು ಅಲ್ಲಾಡಲಿಲ್ಲ.

ಎಂಜಿನ್ ಲೈಟಿನದ್ದು ಇನ್ನೊಂದು ಕಥೆ. ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ಹಳೆಯ ಗೇರ್‌ಬಾಕ್ಸಿನ ಕಂಪ್ಯೂಟರ್ ಜೊತೆ ಮಾತಾಡಲು ಹೋಗಿ ಉತ್ತರ ಬಾರದೆ ದೋಷ ದಾಖಲಿಸುತ್ತಿತ್ತು. ಗ್ಯಾರೇಜಿನವರು ಸ್ಕ್ಯಾನರ್ ಹಚ್ಚಿ ಅಳಿಸಿ ಕಳಿಸುತ್ತಿದ್ದರು, ಮತ್ತೆ ಲೈಟ್ ಬರುತ್ತಿತ್ತು. ಅಳಿಸುವುದು ರಿಪೇರಿಯಲ್ಲ. ಮ್ಯಾನ್ಯುವಲ್ ಮಾದರಿಯ ಇಸಿಯು ಹಾಕಿದರೆ, ಕಳ್ಳತನ ತಡೆಯಲೆಂದು ಕೀಲಿಯನ್ನು ಗುರುತು ಹಿಡಿಯುವ ಇಮ್ಮೊಬಿಲೈಸರ್ ಹಳೆಯ ಕೀಲಿಯನ್ನು ಒಪ್ಪುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಪ್ರೋಗ್ರಾಂ ಮಾಡಿಸಬೇಕು. ಆ ಖರ್ಚನ್ನು ಮೊದಲು ಯಾರೂ ಹೇಳಿರಲಿಲ್ಲ.

ಕ್ಲಚ್ ಬಿಡುವಾಗಲೆಲ್ಲ ಕಾರು ಗಡಗಡ ನಡುಗುತ್ತಿತ್ತು. "ಹೊಸ ಪ್ಲೇಟ್, ಓಡಿಸುತ್ತಾ ಸರಿಹೋಗುತ್ತದೆ" ಎಂದರು. ಸರಿಹೋಗಲಿಲ್ಲ. ಬೇರೆ ಕಡೆ ಬಾಕ್ಸ್ ಇಳಿಸಿದಾಗ ಕಾರಣ ಕಣ್ಣಿಗೆ ಬಿತ್ತು. ಎಂಜಿನ್ ಮತ್ತು ಗೇರ್‌ಬಾಕ್ಸಿನ ನಡುವೆ ಎರಡನ್ನೂ ಒಂದೇ ಗೆರೆಯಲ್ಲಿ ಹಿಡಿಯುವ ಎರಡು ಪುಟ್ಟ ಟೊಳ್ಳು ಉಕ್ಕಿನ ಡೋವೆಲ್‌ಗಳು ಇರಬೇಕು. ಒಂದು ಇರಲೇ ಇಲ್ಲ. ಬಾಕ್ಸ್ ಕೂದಲೆಳೆಯಷ್ಟು ವಾಲಿ ನಿಂತು, ಪ್ಲೇಟಿನ ನಡುವಿನ ಹಲ್ಲುಗಳು ಒಂದೇ ಮಗ್ಗುಲಲ್ಲಿ ಸವೆದು ಹೊಳೆಯುತ್ತಿದ್ದವು. ಆಟೊಮ್ಯಾಟಿಕ್‌ನಲ್ಲಿ ಎಂಜಿನ್ನಿನ ತುದಿಗೆ ಕೂರುವ ತೆಳು ತಟ್ಟೆಯಾದ ಫ್ಲೆಕ್ಸ್ ಪ್ಲೇಟಿಗಿದ್ದ ಹಳೆಯ ಬೋಲ್ಟುಗಳನ್ನೇ, ಮ್ಯಾನ್ಯುವಲ್‌ನಲ್ಲಿ ಅದರ ಜಾಗಕ್ಕೆ ಬರುವ ದಪ್ಪನೆಯ ಫ್ಲೈವೀಲಿಗೂ ಬಿಗಿದಿದ್ದರು. ಎರಡಕ್ಕೂ ಬೇಕಾದ ಉದ್ದ ಬೇರೆ. ಅದು ಓಡುವಾಗ ಕಳಚಿದ್ದರೆ ಏನಾಗುತ್ತಿತ್ತೆಂದು ಹೇಳಬೇಕಿಲ್ಲ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೇ ಪ್ರತಿಯೊಂದಕ್ಕೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಆದ್ದರಿಂದ ಕೆಲಸಕ್ಕೆ ಬಿಡುವ ಮೊದಲೇ ಆರ್‌ಟಿಒದಲ್ಲೂ ವಿಮೆ ಕಂಪನಿಯಲ್ಲೂ ಲಿಖಿತವಾಗಿ ಕೇಳಿ.

ಇಷ್ಟೆಲ್ಲ ಕೇಳಿಕೊಂಡೂ ಮಾಡಿಸುವುದಾದರೆ ವೈರಿಂಗ್, ಇಸಿಯು, ಕೀಲಿ ಪ್ರೋಗ್ರಾಮಿಂಗ್, ಹೊಸ ಬೋಲ್ಟು, ಸೀಲುಗಳನ್ನು ಬಿಲ್ಲಿನಲ್ಲಿ ಬೇರೆಬೇರೆಯಾಗಿ ಬರೆಸಿಕೊಳ್ಳಿ. ಗುಜರಿ ಭಾಗ ಯಾವ ಗಾಡಿಯದು ಎಂಬುದಕ್ಕೂ ರಸೀದಿ ಕೇಳಿ. ನನ್ನ ಬಿಲ್ಲಿನಲ್ಲಿ "ಗೇರ್‌ಬಾಕ್ಸ್ ಕೆಲಸ" ಎಂದಷ್ಟೇ ಇದೆ. ಅದನ್ನು ಹಿಡಿದು ಹೋದಾಗ, ವೈರಿಂಗ್ ನಮ್ಮ ಕೆಲಸವಲ್ಲ ಎಂದು ಕೈತೊಳೆದುಕೊಂಡರು.