ಹೊರಗುತ್ತಿಗೆ ಕೆಲಸಕ್ಕೆ ಸೇರುವಾಗ ತಾರೀಕಿಲ್ಲದ ಹಾಳೆಗೆ ಸಹಿ ಮಾಡಬೇಡಿ

ಕಲಬುರಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಎರಡು ವರ್ಷ ಡಾಟಾ ಎಂಟ್ರಿ ಕೆಲಸ ಮಾಡಿದೆ. ಏಜೆನ್ಸಿ ಮೂಲಕ, ಸಂಬಳ 14,000. ಐದು ತಿಂಗಳ ಬಸುರಿ ಇದ್ದಾಗ ಏಜೆನ್ಸಿಯ ಸೂಪರ್‌ವೈಸರ್ ಬಂದು, "ಅಕ್ಕೋರೆ, ಈ ಬಿಸಲಾಗ ನಿಮಗ ಆಗಂಗಿಲ್ಲ, ನಾಳಿಂದ ಬರಬ್ಯಾಡ್ರಿ" ಅಂದ. ಕಾಳಜಿ ಅಂದುಕೊಂಡೆ. ಹೆರಿಗೆ ರಜೆ ಕೇಳಿದಾಗ ಒಂದು ಹಾಳೆ ಮುಂದಿಟ್ಟ. "ನೀವೇ ರಾಜೀನಾಮೆ ಕೊಟ್ಟೀರಲ್ರಿ!"

ಸಹಿ ನನ್ನದೇ. ಕೆಲಸಕ್ಕೆ ಸೇರಿದ ದಿನ ಅರ್ಜಿಯ ಜೊತೆ ಐದಾರು ಹಾಳೆ ಕೊಟ್ಟು "ಇಲ್ಲಿ, ಇಲ್ಲಿ" ಅಂತ ಬೆರಳಿಟ್ಟು ತೋರಿಸಿದ್ದರು. ಅದರಲ್ಲಿ ಇದೂ ಒಂದು. "ಸ್ವಂತ ಕಾರಣದಿಂದ ಕೆಲಸ ಬಿಡುತ್ತಿದ್ದೇನೆ" ಅಂತ ಟೈಪ್ ಮಾಡಿತ್ತು, ತಾರೀಕಿನ ಜಾಗ ಖಾಲಿ. ಈಗ ಅಲ್ಲಿ ನೀಲಿ ಪೆನ್ನಿನಲ್ಲಿ 3ನೇ ತಾರೀಕು ಬರೆದಿದ್ದಾರೆ. ನನ್ನ ಸಹಿ ಕಪ್ಪು.

ಕಚೇರಿಯವರನ್ನು ಕೇಳಿದರೆ "ನೀವು ಏಜೆನ್ಸಿಯವರು" ಅಂದರು. ಏಜೆನ್ಸಿಯವರು "ಕಚೇರಿಯವರೇ ಬೇಡ ಅಂದ್ರು" ಅಂದರು.

ಕಾನೂನು ಹಾಗಿಲ್ಲ. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಂಬಳ ಸಹಿತ ರಜೆ ಸಿಗಬೇಕು. 2017ರಿಂದ ಮೊದಲೆರಡು ಮಕ್ಕಳಿಗೆ ಅದು 26 ವಾರ. ಪರ್ಮನೆಂಟ್ ಆಗಿರಲೇಬೇಕು ಅಂತಿಲ್ಲ. ದೆಹಲಿ ಪಾಲಿಕೆಯ ದಿನಗೂಲಿ ಹೆಣ್ಣುಮಕ್ಕಳ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2000ದಲ್ಲೇ ಇದನ್ನು ಹೇಳಿದೆ. ಬಸುರಿಯನ್ನು ಕೆಲಸದಿಂದ ತೆಗೆದರೂ ಆ ಹಣ ಕೊಡೋದು ತಪ್ಪುವುದಿಲ್ಲ. ಅದಕ್ಕೇ ಇವರಿಗೆ "ತೆಗೆದೆವು" ಅನ್ನೋ ಪತ್ರ ಬೇಡ, "ಅವಳೇ ಬಿಟ್ಟಳು" ಅನ್ನೋ ಪತ್ರ ಬೇಕು. 2024ರಲ್ಲಿ ರಾಜ್ಯ ಸರ್ಕಾರವೇ ಹೊರಗುತ್ತಿಗೆ ಕೆಲಸಗಳಲ್ಲಿ ಶೇ 33 ಹೆಣ್ಣುಮಕ್ಕಳಿಗೆ ಅಂತ ಆದೇಶ ಮಾಡಿದೆ. ಸೇರಿಸಿಕೊಂಡು, ಬಸುರಾದ ಕೂಡಲೇ ಹೊರಗೆ ಕಳಿಸಿದರೆ ಏನು ಬಂತು?

ಇನ್ನೊಂದು ಪೆಟ್ಟು ಇಎಸ್‌ಐದು, ಅಂದರೆ ಸಂಬಳದಲ್ಲಿ ಮುರಿದು ಕಟ್ಟುವ ಕಾರ್ಮಿಕರ ಸರ್ಕಾರಿ ವಿಮೆಯದು. ಸಂಬಳ 21,000ದ ಒಳಗಿದ್ದವರಿಗೆ ಹೆರಿಗೆ ಹಣ ಅಲ್ಲಿಂದಲೇ ಬರುತ್ತದೆ. ನನ್ನ ಸಂಬಳದಲ್ಲಿ ಪ್ರತಿ ತಿಂಗಳು 105 ರೂಪಾಯಿ ಮುರಿದಿದ್ದರು. ಇಎಸ್‌ಐ ಕಚೇರಿಗೆ ಹೋಗಿ ನೋಡಿಸಿದರೆ ಕಟ್ಟಿದ್ದು ಮೂರೇ ತಿಂಗಳು. ಹಾಳೆ ನೋಡಿ ಕಾಲು ನಡುಗಿತು. ಏಜೆನ್ಸಿ ಕಟ್ಟದಿದ್ದರೆ ಕೆಲಸ ಮಾಡಿಸಿಕೊಳ್ಳುವ ಕಚೇರಿಯೇ ಕಟ್ಟಬೇಕು ಅಂತ ಕಾನೂನಿನಲ್ಲೇ ಇದೆ. ಇದು ನನಗೆ ಆಮೇಲೆ ಗೊತ್ತಾಯಿತು.

ನನ್ನನ್ನು ಉಳಿಸಿದ್ದು ಹಾಜರಿ. 12ನೇ ತಾರೀಕಿನವರೆಗೂ ನಾನು ಬಯೋಮೆಟ್ರಿಕ್‌ನಲ್ಲಿ ಬೆರಳು ಒತ್ತಿದ್ದೆ. 3ಕ್ಕೆ ಕೆಲಸ ಬಿಟ್ಟವಳು 12ರವರೆಗೆ ಹೇಗೆ ಬಂದಳು? ಕಾರ್ಮಿಕ ಅಧಿಕಾರಿಗೆ ಕೊಟ್ಟ ದೂರಿಗೆ ಆ ಹಾಜರಿ ಪ್ರತಿಯನ್ನೇ ಲಗತ್ತಿಸಿದೆ. ಇಎಸ್‌ಐ ಬಾಕಿ ಕಟ್ಟಿದರು. ಕೆಲಸ ಇನ್ನೂ ವಾಪಸ್ ಸಿಕ್ಕಿಲ್ಲ. ಮಗಳಿಗೆ ಈಗ ನಾಲ್ಕು ತಿಂಗಳು.

ಸೇರುವಾಗ ಪ್ರತಿ ಹಾಳೆ ಓದಿ, ತಾರೀಕು ನೀವೇ ಬರೆಯಿರಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ನೇಮಕದ ಪತ್ರ, ಇಎಸ್‌ಐ ನಂಬರ್, ಪಿಎಫ್‌ನ ಯುಎಎನ್ (ಖಾತೆ ನಂಬರ್) ಕೇಳಿ ಪಡೆಯಿರಿ. ಹಣ ಬೀಳ್ತಿದೆಯಾ ಅಂತ ಆಗಾಗ ನೋಡಿ. ಹಾಜರಿಯ ಫೋಟೋ ಮಾತ್ರ ಪ್ರತಿ ತಿಂಗಳು ಬೇಕೇ ಬೇಕು. ಬಸುರಾದರೆ ಬಾಯಲ್ಲಿ ಹೇಳಬೇಡಿ, ಬರೆದು ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ.

ನನ್ನ ಜಾಗಕ್ಕೆ ಬಂದ ಹುಡುಗಿಗೆ ಹೋದ ವಾರ ಫೋನ್ ಮಾಡಿದೆ. ಅಷ್ಟರಲ್ಲಿ ಅವಳೂ ಅಂಥದ್ದೇ ಹಾಳೆಗೆ ಸಹಿ ಮಾಡಿಬಿಟ್ಟಿದ್ದಳು.