ಕೇಸಿನ ವಾಯಿದೆ ತಪ್ಪಬಾರದು ಅಂದರೆ ಇ-ಕೋರ್ಟ್ಸ್ ಆ್ಯಪ್ ಇಟ್ಟುಕೊಳ್ಳಿ

ತುಮಕೂರಿನಲ್ಲಿ ಸ್ಥಳೀಯ ಸಂಸ್ಥೆಯೊಂದರ ಕಾನೂನು ಶಾಖೆಯಲ್ಲಿ ನನ್ನ ಕೆಲಸ. ನಾನು ವಕೀಲನಲ್ಲ. ವಕೀಲರಿಗೆ ಬೇಕಾದ ಕಡತ ಹೊಂದಿಸುವುದು, ಕಂಡಿಕೆವಾರು ಉತ್ತರಕ್ಕೆ ಕಂದಾಯ ಶಾಖೆ, ಎಂಜಿನಿಯರಿಂಗ್ ಶಾಖೆಗಳಿಂದ ವರದಿ ತರಿಸುವುದು, ವಕಾಲತ್ತಿಗೆ ಸಹಿ ಮಾಡಿಸುವುದು, ಎಲ್ಲಕ್ಕಿಂತ ಜಾಸ್ತಿ, ಯಾವ ಕೇಸು ಯಾವತ್ತು ಯಾವ ಕೋರ್ಟಿನಲ್ಲಿ ಅಂತ ಲೆಕ್ಕ ಇಡುವುದು. ಈ ಕೊನೇ ಕೆಲಸಕ್ಕೆ ದಿನಾ ಬಳಸುವುದು ಇ-ಕೋರ್ಟ್ಸ್ ಸರ್ವೀಸಸ್ ಆ್ಯಪ್. ಸುಪ್ರೀಂ ಕೋರ್ಟಿನ ಇ-ಸಮಿತಿಯದು. ದುಡ್ಡು ಕೊಡಬೇಕಿಲ್ಲ, ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಇದೆ.

ಒಂದು ವಾಯಿದೆ, ಅಂದರೆ ಕೇಸಿನ ವಿಚಾರಣೆಯ ದಿನ, ತಪ್ಪಿದರೆ ಏನಾಗುತ್ತದೆ ಅಂತ ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಸಿವಿಲ್ ದಾವೆಯಲ್ಲಿ ಸಮನ್ಸ್ ಕೈಸೇರಿದ 30 ದಿನದೊಳಗೆ ಲಿಖಿತ ಹೇಳಿಕೆ (ದಾವೆಗೆ ಪ್ರತಿವಾದಿಯ ಉತ್ತರ) ಹಾಕಬೇಕು, ಕಾರಣ ಇದ್ದರೆ ಕೋರ್ಟು 90 ದಿನದ ತನಕ ಅವಕಾಶ ಕೊಡಬಹುದು. ನಮ್ಮ ಕಡೆಯಿಂದ ಯಾರೂ ಹಾಜರಾಗದಿದ್ದರೆ ಎಕ್ಸ್‌ಪಾರ್ಟಿ, ಅಂದರೆ ನಮ್ಮ ಮಾತು ಕೇಳದೆಯೇ ತೀರ್ಪು. ಆ ತೀರ್ಪು ತೆಗೆಸಬೇಕು ಅಂದರೆ ಮತ್ತೆ 30 ದಿನದೊಳಗೆ ಅರ್ಜಿ ಹಾಕಿ, ಸಮನ್ಸ್ ಸರಿಯಾಗಿ ಜಾರಿಯಾಗಿಲ್ಲ ಅಂತಲೋ ಬರಲಾಗದ್ದಕ್ಕೆ ಸಾಕಷ್ಟು ಕಾರಣ ಇತ್ತು ಅಂತಲೋ ತೋರಿಸಬೇಕು. ದಾವೆ ಪಾರ್ಕಿನ ಜಾಗದ್ದಾಗಿದ್ದರೆ? ಸೋತ ಮಾರನೇ ದಿನವೂ ಕಚೇರಿ ಬಾಗಿಲು ತೆಗೆಯುತ್ತದೆ, ಸಂಬಳ ಬರುತ್ತದೆ. ಆ ಬಡಾವಣೆಯ ಮಕ್ಕಳಿಗೆ ಆಡುವ ಜಾಗ ಮಾತ್ರ ಹೋಗಿರುತ್ತದೆ. ಅದಕ್ಕೇ ಈ ಆ್ಯಪ್ ಬಗ್ಗೆ ಇಷ್ಟು ಬರೆಯುತ್ತಿದ್ದೇನೆ.

ಇದನ್ನು ಬಳಸಲು ಬೇಕಾಗಿರುವುದು ಸಿಎನ್‌ಆರ್ ನಂಬರ್, ಪ್ರತಿ ಕೇಸಿಗೂ ಕೊಡುವ ಅದರದೇ ಗುರುತಿನ ಸಂಖ್ಯೆ. ಒಟ್ಟು 16 ಅಕ್ಷರ-ಅಂಕಿ. ಮೊದಲು ರಾಜ್ಯ, ನಮ್ಮದು ‘ಕೆಎ’. ಆಮೇಲೆ ಜಿಲ್ಲೆ, ಕೋರ್ಟು, ಆರು ಅಂಕಿಯ ಸಂಖ್ಯೆ, ಕೊನೆಗೆ ಇಸವಿ. ಬರೀ ಒ.ಎಸ್. ನಂಬರ್ (ಕೋರ್ಟು ಮೂಲ ದಾವೆಗೆ ಕೊಡುವ ನಂಬರ್) ಹಿಡಿದು ಹುಡುಕಬಹುದು, ಆದರೆ ಅದೇ ನಂಬರಿನ ದಾವೆ ತುಮಕೂರಿನಲ್ಲೂ ಇರುತ್ತದೆ, ತಿಪಟೂರಿನಲ್ಲೂ ಇರುತ್ತದೆ, ಮಧುಗಿರಿಯಲ್ಲೂ ಇರುತ್ತದೆ, ಕೋರ್ಟು, ಪ್ರಕರಣದ ಬಗೆ, ಇಸವಿ ಎಲ್ಲ ಆರಿಸುತ್ತಾ ಕೂರಬೇಕು. ಸಿಎನ್‌ಆರ್ ಹಾಕಿದರೆ ನೇರವಾಗಿ ಆ ಕೇಸೇ ಬರುತ್ತದೆ. ಹೊಸ ಕಡತ ಬಂದ ತಕ್ಷಣ ಮೇಲ್ಗಡೆ ಕೆಂಪು ಇಂಕಿನಲ್ಲಿ ಬರೆದುಬಿಡಿ.

ನನಗೆ ಬಹಳ ಉಪಯೋಗಕ್ಕೆ ಬರುವುದು ಮುಂದಿನ ವಾಯಿದೆಗಿಂತ ಹಿಂದಿನ ವಾಯಿದೆಗಳ ಪಟ್ಟಿ. ಅದರಲ್ಲಿ ಒಂದು ದಿನಾಂಕ ಒತ್ತಿದರೆ ಅವತ್ತು ಕೋರ್ಟಿನಲ್ಲಿ ಏನಾಯಿತು ಅಂತ ಎರಡು ಸಾಲು ತೆರೆದುಕೊಳ್ಳುತ್ತದೆ. ‘ಡೇಟ್ ಕೊಟ್ಟಿದ್ದಾರೆ’ ಅಂತ ನಾವು ಸುಮ್ನೆ ಇದ್ದಿರುತ್ತೇವೆ, ಇಲ್ಲಿ ನೋಡಿದರೆ ಲಿಖಿತ ಹೇಳಿಕೆಗೆ ಕೊನೇ ಅವಕಾಶ ಅಂತ ಇರುತ್ತದೆ. ಆಗ ಫೋನ್ ಹಿಡಿದುಕೊಂಡು ನೇರವಾಗಿ ಸಂಬಂಧಪಟ್ಟ ಶಾಖೆಗೆ ಹೋಗಿ, ‘ಸಾರ್, ಕೊನೇ ಅವಕಾಶ ಅಂತ ಬರೆದಿದ್ದಾರೆ ನೋಡಿ’ ಅಂತ ತೋರಿಸಿದರೆ, ಮೂರು ಜ್ಞಾಪನ ಕಳಿಸಿದರೂ ಬಾರದ ವರದಿ ಸಂಜೆಯೊಳಗೆ ಬರುತ್ತದೆ. ಆದೇಶ ಅಪ್‌ಲೋಡ್ ಆಗಿದ್ದರೆ ಪಿಡಿಎಫ್ ಅಲ್ಲೇ ಸಿಗುತ್ತದೆ, ತಡೆಯಾಜ್ಞೆ ಆಗಿದೆಯೋ ಇಲ್ಲವೋ ಅನ್ನುವುದಕ್ಕೆ ಊಹೆ ಬೇಡ.

ಪಕ್ಷಕಾರರ ಹೆಸರಿನಲ್ಲಿ ಹುಡುಕುವಾಗ ಹುಷಾರು. ಊರಿನ ಹೆಸರು 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ತುಮಕೂರು ಆಯಿತು, ಅದಕ್ಕೆ ಮುಂಚಿನ ಕೇಸುಗಳಲ್ಲಿ ‘ತುಮ್ಕೂರ್’ ಅನ್ನುವ ಸ್ಪೆಲ್ಲಿಂಗ್. ಕೆಲವು ಹಳೇ ದಾವೆಗಳಲ್ಲಿ ಪ್ರತಿವಾದಿ ನಗರಸಭೆ, ಕೆಲವದರಲ್ಲಿ ಆಯುಕ್ತರು, ಕೆಲವದರಲ್ಲಿ ಕಾರ್ಪೊರೇಷನ್. ಎಲ್ಲ ರೂಪದಲ್ಲೂ, ಒಂದೊಂದೇ ಇಸವಿ ಹಾಕಿ ಹುಡುಕಿ. ಬೇಜಾರಿನ ಕೆಲಸ ನಿಜ, ಆದರೆ ಕಡತವೇ ಇಲ್ಲದ ಕೇಸುಗಳು ಸಿಕ್ಕಿಬೀಳುವುದು ಹೀಗೇ.

ಇನ್ನು ಕೊರತೆಗಳು. ‘ಮೈ ಕೇಸಸ್’ನಲ್ಲಿ ಸೇರಿಸಿದ ಪಟ್ಟಿ ನಿಮ್ಮ ಫೋನಿನಲ್ಲೇ ಇರುತ್ತದೆ. ಫೋನ್ ಬದಲಿಸುವ ಮೊದಲು ಎಕ್ಸ್‌ಪೋರ್ಟ್ ಮಾಡಿ ಫೈಲ್ ತೆಗೆದಿಡಿ, ಹೊಸದರಲ್ಲಿ ಇಂಪೋರ್ಟ್ ಮಾಡಿ. ಹಾಗೆ ಮಾಡದಿದ್ದರೆ ಮೊದಲಿಂದ ಸೇರಿಸಬೇಕು. ಎರಡನೆಯದು, ಕೋರ್ಟಿನಲ್ಲಿ ಎಂಟ್ರಿ ಮಾಡಿದ ಮೇಲಷ್ಟೇ ಇಲ್ಲಿ ಕಾಣಿಸುತ್ತದೆ, ಹಾಗಾಗಿ ಮಧ್ಯಂತರ ಅರ್ಜಿ ನಡೆಯುವ ಕೇಸಿನಲ್ಲಿ ಇದನ್ನೇ ನಂಬಿ ಕೂರಬೇಡಿ, ವಕೀಲರ ಗುಮಾಸ್ತರಿಗೆ ಫೋನ್ ಮಾಡಿ ಕೇಳಿ. ಕೈಬರಹದ ಕೇಸ್ ಡೈರಿಯನ್ನೂ ಬಿಡಬೇಡಿ. ಕೇವಿಯಟ್ (ನಮ್ಮ ಮಾತು ಕೇಳದೆ ಆದೇಶ ಮಾಡಬೇಡಿ ಅಂತ ಮೊದಲೇ ಕೊಡುವ ಅರ್ಜಿ) ಹಾಕಿದ್ದರೆ ಅದಕ್ಕೆ 90 ದಿನ ಮಾತ್ರ ಜೀವ, ಮುಗಿಯುವ ತಾರೀಖನ್ನು ನಾನು ಡೈರಿಯಲ್ಲೇ ಬರೆದಿಡುತ್ತೇನೆ. ಆ್ಯಪ್‌ನ ಪ್ರಿಂಟ್ ಬರೀ ಮಾಹಿತಿಗೆ, ಮೇಲ್ಮನವಿಗೆ ದೃಢೀಕೃತ ನಕಲನ್ನೇ ತೆಗೆಯಬೇಕು. ಕಲಿಯುವುದಕ್ಕೆ ಕನ್ನಡ ಕೈಪಿಡಿ ಇದೆ, 2021ರಲ್ಲಿ ಬಂದದ್ದು, ಚೆನ್ನಾಗಿದೆ. ಆದರೆ ಒಳಗೆ ನಾವು ನೋಡುವ ಕೇಸಿನ ವಿವರ ಬಹಳಷ್ಟು ಇಂಗ್ಲಿಷಿನಲ್ಲೇ ಇರುತ್ತದೆ. ನನ್ನ ಪ್ರಕಾರ ಇದೇ ದೊಡ್ಡ ಕೊರತೆ.

ಯಾಕೆ ಅಂದರೆ ಕೌಂಟರಿಗೆ ಬರುವವರು ವಕೀಲರಲ್ಲ. ಮೊನ್ನೆ ಗುಬ್ಬಿ ಕಡೆಯ ಒಬ್ಬರು ಅಜ್ಜಿ ಮಡಚಿ ಮಡಚಿ ಹರಿಯುವ ಹಾಗಾಗಿದ್ದ ಕಾಗದ ತಂದು, ‘ನಮ್ ಕೇಸು ಏನಾಯ್ತು ಮಗಾ’ ಅಂದರು. ಮನೆ ಖಾತೆಗೆ ಸಂಬಂಧಿಸಿದ ದಾವೆ. ಮೂಲೆಯಲ್ಲಿದ್ದ ಸಿಎನ್‌ಆರ್ ಹಾಕಿ, ಮುಂದಿನ ವಾಯಿದೆಯನ್ನು ಅದೇ ಕಾಗದದ ಹಿಂದೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟೆ. ಅವರಿಗೆ ವಕೀಲರಿರಲಿಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ ಅಂತ ಹೇಳಿ ಅಲ್ಲಿಗೆ ಕಳಿಸಿದೆ. ನಿಮ್ಮ ಮನೆಯಲ್ಲೂ ಇಂಥ ಕಾಗದ ಇದ್ದರೆ ಸಿಎನ್‌ಆರ್ ಹುಡುಕಿ ಆ್ಯಪ್‌ನಲ್ಲಿ ಹಾಕಿ ನೋಡಿ, ವಕೀಲರಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಆ್ಯಪ್‌ಗೆ ನಾನು ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಅವತ್ತು ಕೋರ್ಟಿನಲ್ಲಿ ಏನಾಯಿತು ಅನ್ನುವ ಆ ಎರಡು ಸಾಲು ಕನ್ನಡದಲ್ಲೂ ಬಂದ ದಿನ ಐದನೆಯದು.